ಕನ್ನಡಕದೊಳಗೆ ಬಿಚ್ಚಿದ ಮುಷ್ಟಿ

ನನ್ನ ಎಡಗೈಗೆ ಜೀವವಿಲ್ಲ. ಆದರೆ ಅದು ನೋಯುತ್ತದೆ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಬಿಸಿ ಲೋಟ ತಾಗಿಸಿದರೆ ಗೊತ್ತಾಗುವುದಿಲ್ಲ, ಸೂಜಿ ಚುಚ್ಚಿದರೆ ಗೊತ್ತಾಗುವುದಿಲ್ಲ. ಒಮ್ಮೆ ಬಾಗಿಲ ಸಂದಿಗೆ ಸಿಕ್ಕಿ ಬೆರಳು ಸೀಳಿದಾಗ ನೆಲದ ಮೇಲಿನ ರಕ್ತ ನೋಡಿ, ಯಾರದಪ್ಪಾ ಇದು ಎಂದು ಸುತ್ತ ಹುಡುಕಿದ್ದೆ. ಆದರೂ ಆ ಕೈಯೊಳಗೆ ಎಲ್ಲೋ ಒಂದು ಮುಷ್ಟಿ ಇದೆ. ಅದು ಬಿಗಿಯುತ್ತಲೇ ಇರುತ್ತದೆ. ಬೆರಳುಗಳು ಅಂಗೈಯನ್ನು ಹಿಂಡುತ್ತವೆ, ಉಗುರುಗಳು ಮಾಂಸಕ್ಕೆ ಇಳಿಯುತ್ತವೆ. ಬಿಚ್ಚಿಕೊಳ್ಳೋಣವೆಂದರೆ ಬಿಚ್ಚಲು ಅಲ್ಲಿ ಮುಷ್ಟಿಯೇ ಇಲ್ಲ. ಕಣ್ಣಿಗೆ ಕಾಣುವ ಕೈ ಹಿಂಡಿ ಬಿಸಾಕಿದ ಟವೆಲ್ಲಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ.

ವಾಸಿಯಾದವರ ಕಥೆಗಳನ್ನು ನಾನು ಬಹಳ ಓದಿದ್ದೇನೆ. ಆಸ್ಪತ್ರೆಗಳ ಗೋಡೆಯ ಮೇಲೆ ಅವರ ಫೋಟೋಗಳಿರುತ್ತವೆ, ನಗುತ್ತಿರುತ್ತಾರೆ. ವಾಸಿಯಾಗದವರು ಎಲ್ಲಿಗೆ ಹೋದರೆಂದು ಯಾರೂ ಬರೆಯುವುದಿಲ್ಲ. ನಾವು ಮನೆಗೆ ಹೋಗುತ್ತೇವೆ. ಮನೆಗೆ ಹೋದವನೊಬ್ಬನ ಕಥೆ ಇದು.

ನಮ್ಮದು ದೇವನಹಳ್ಳಿ ತಾಲ್ಲೂಕು, ಕುಂದಾಣದ ಪಕ್ಕದ ಊರು. ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದರು. ಏರ್‌ಪೋರ್ಟ್ ಶುರುವಾದಾಗ ನಮ್ಮ ವಯಸ್ಸಿನವರೆಲ್ಲ ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಂತೆವು. ನಾನೂ ಹಳದಿ ಬೋರ್ಡಿನ ಕಾರು ತೆಗೆದುಕೊಂಡೆ. ಬೇರೆಯವರಿಗೆ ಅದು ಹೊಟ್ಟೆಪಾಡು, ನನಗೆ ಹುಚ್ಚು. ಕಾರು ಹತ್ತಿ ಕೂತರೆ ಬಲಗೈ ಸ್ಟೇರಿಂಗ್ ಮೇಲೆ, ಎಡಗೈ ಗೇರಿನ ಮೇಲೆ. ಗಾಡಿಯ ಜೊತೆ ಮಾತಾಡುತ್ತಿದ್ದದ್ದು ಆ ಎಡಗೈಯೇ. ಇಂಜಿನ್ನಿಗೆ ಉಬ್ಬಸ ಬಂತೆಂದರೆ ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತಿತ್ತು. ಹೆಂಡತಿ ಮಂಜುಳಾ ನಗುತ್ತಿದ್ದಳು: "ನನ್ನ ಕೈ ಹಿಡ್ಕೊಂಡು ಕೂತಾಗ್ಲೂ ಗೇರ್ ಹಾಕ್ತೀಯಲ್ಲೋ ಮಾರಾಯ."

ಒಂದು ಬೆಳಿಗ್ಗೆ ಕಾರನ್ನು ಸರ್ವೀಸಿಗೆ ಬಿಟ್ಟು, ಮೆಕ್ಯಾನಿಕ್ ಹೇಳಿದ ಒಂದು ಸಾಮಾನು ತರಲು ಬೈಕಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೊರಟೆ. ರಸ್ತೆ ಅಗಲ ಮಾಡುತ್ತಿದ್ದ ಕಾಲ. ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು. ಚಕ್ರ ಜಾರಿದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಎಡಭುಜ ನೆಲಕ್ಕೆ ಬಡಿದು, ಕತ್ತು ಬಲಕ್ಕೆ ಎಳೆದುಕೊಂಡಿತಂತೆ. ಎದ್ದು ಕೂತು ಬೈಕು ಎತ್ತೋಣವೆಂದು ಕೈ ಚಾಚಿದೆ. ಬಲಗೈ ಹೋಯಿತು, ಎಡಗೈ ಬರಲಿಲ್ಲ.

ಬೆಂಗಳೂರಿನ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಕತ್ತಿನ ಹತ್ತಿರ ಕೈಗೆ ಹೋಗುವ ನರಗಳು ಬೇರು ಸಮೇತ ಕಿತ್ತು ಬಂದಿವೆ, ತುಂಡಾಗಿದ್ದರೆ ಹೊಲಿಯಬಹುದಿತ್ತು ಎಂದರು. ಅವ್ವ ಅಕ್ಕಯಮ್ಮನಿಗೆ ಇದು ಅರ್ಥವಾಗಿಬಿಟ್ಟಿತು. ಸಸಿ ನೆಟ್ಟು ಕಿತ್ತವಳು ಅವಳು. "ಬೇರ್ ಸಮೇತ ಕಿತ್ಕೊಂಡ್ ಬಂದ್ರೆ ಇನ್ನೇನೈತೆ" ಎಂದು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಡಾಕ್ಟರಿಗಿಂತ ಮೊದಲು ಅವಳು ಕೈಬಿಟ್ಟಳು; ಆಮೇಲೆ ಎಲ್ಲರಿಗಿಂತ ಹೆಚ್ಚು ದೇವಸ್ಥಾನ ಸುತ್ತಿದವಳೂ ಅವಳೇ.

ಆಪರೇಷನ್ ಮಾಡಿದರು. ಪಕ್ಕೆಲುಬಿನ ನಡುವಿನ ನರಗಳನ್ನು ಎಳೆದು ತೋಳಿಗೆ ಜೋಡಿಸಿದರು. ಕಾಯಬೇಕು ಎಂದರು. ನಾವು ಕಾದೆವು. ಕಾದದ್ದಕ್ಕೆ ಸಿಕ್ಕಿದ್ದು ಇಷ್ಟು: ಈಗ ನಾನು ಜೋರಾಗಿ ಕೆಮ್ಮಿದರೆ ಮೊಣಕೈ ಒಂಚೂರು ಮಡಚುತ್ತದೆ. ಮೊದಲ ಸಲ ಹಾಗಾದಾಗ ಮಗಳು ಹರ್ಷಿತಾ ಕಿರುಚಿಕೊಂಡು ಅಮ್ಮನನ್ನು ಕರೆದಳು. ಅವ್ವನೂ ಸೇರಿ ಮೂರೂ ಜನ ನನ್ನ ಮುಂದೆ ಕೂತು, "ಇನ್ನೊಂದ್ಸಲ ಕೆಮ್ಮು, ಇನ್ನೊಂದ್ಸಲ" ಎಂದು ನನ್ನ ಗಂಟಲು ಕಟ್ಟುವವರೆಗೂ ಕೆಮ್ಮಿಸಿದರು. ಅಷ್ಟೇ, ಅದಕ್ಕಿಂತ ಮುಂದೆ ಹೋಗಲಿಲ್ಲ.

ನೋವು ಶುರುವಾದದ್ದು ಆಪರೇಷನ್ನಿಗೂ ಮುಂಚೆ. ಗಾಯದ ನೋವಿರಬೇಕು, ಹೋಗುತ್ತದೆ ಎಂದುಕೊಂಡಿದ್ದೆ. ಗಾಯ ಮಾಯಿತು, ನೋವು ಉಳಿಯಿತು. ಮುಷ್ಟಿ ಬಿಗಿಯುವುದು ಯಾವಾಗಲೂ ಇರುತ್ತದೆ. ನಡುನಡುವೆ ಭುಜದಿಂದ ಬೆರಳತುದಿಗೆ ಕರೆಂಟು ಹೊಡೆದಂತೆ ಒಂದು ಸೆಳೆತ. ಅದು ಬಂದಾಗ ಮಾತು ಅರ್ಧಕ್ಕೆ ನಿಲ್ಲುತ್ತದೆ, ತುತ್ತು ಬಾಯಲ್ಲೇ ಉಳಿಯುತ್ತದೆ. ಎದುರಿಗಿದ್ದವರು ನನಗೇನೋ ನೆನಪಾಯಿತು ಎಂದುಕೊಳ್ಳುತ್ತಾರೆ.

ಊರಿನವರು ನೋಡಲು ಬಂದರು. ಒಬ್ಬೊಬ್ಬರೂ ಕೈಯನ್ನು ಎತ್ತಿ ಬಿಟ್ಟು ನೋಡಿದರು. "ಸ್ವಾಧೀನವೇ ಇಲ್ಲ ಅಂತೀಯ, ನೋಯ್ತದೆ ಅಂತೀಯ, ಅದೆಂಗಪ್ಪಾ?" ಎಂದು ದೊಡ್ಡಪ್ಪ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ಅವರಿಗೆ ತಿಳಿಯಬೇಕಿತ್ತು. ಕೆಲವರು ಅಂಗಡಿ ಮುಂದೆ ಬೇರೆ ಥರ ಮಾತಾಡಿಕೊಂಡರೆಂದು ಆಮೇಲೆ ಕಿವಿಗೆ ಬಿತ್ತು. ಮಂಜುಳಾ ಏರ್‌ಪೋರ್ಟಿನ ಕಾರ್ಗೋದಲ್ಲಿ ಗುಲಾಬಿ ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದ್ದಳು. ಹೆಂಡತಿ ದುಡಿಯುವುದಕ್ಕೆ ನಿಂತ ಮೇಲೆ ಗಂಡನಿಗೆ ನೋವು ಜಾಸ್ತಿಯಾಯಿತಂತೆ.

ಮಾತ್ರೆಗಳು ಬಂದವು. ಮಾತ್ರೆ ನುಂಗಿದರೆ ನೋವು ಹೋಗುತ್ತಿರಲಿಲ್ಲ, ನಾನು ಹೋಗುತ್ತಿದ್ದೆ. ಕೂತಲ್ಲೇ ಜೊಲ್ಲು ಸುರಿಸುತ್ತಿದ್ದೆ. ಹರ್ಷಿತಾ ಸ್ಕೂಲಿನಿಂದ ಬಂದು ಏನೋ ಹೇಳಿದರೆ ಅರ್ಧ ದಿನ ಬಿಟ್ಟು ಅದು ತಲೆಗೆ ಇಳಿಯುತ್ತಿತ್ತು. ಆ ವೇಳೆಗೆ ಅವಳು ಹೇಳುವುದನ್ನೇ ಬಿಟ್ಟಿದ್ದಳು.

ಕಡೆಗೆ ಒಂದು ದಿನ ಮಂಜುಳಾಗೆ ಹೇಳದೆ ಡಾಕ್ಟರ ಹತ್ತಿರ ಹೋದೆ.

"ಸಾರ್, ಈ ಕೈ ಕತ್ತರಿಸಿಬಿಡಿ."

ಅವರು ಗಾಬರಿಯಾಗಲಿಲ್ಲ. ಇದನ್ನು ಬಹಳ ಜನ ಕೇಳಿರಬೇಕು. "ಮುನಿರಾಜು, ಕತ್ತರಿಸಬಹುದು. ಆದ್ರೆ ನೋವು ಕೈಯಲ್ಲಿ ಇಲ್ಲಪ್ಪ. ತಲೆ ಒಳಗೆ ಕೈಗೆ ಅಂತ ಒಂದು ಜಾಗ ಇದೆ, ನೋವು ಅಲ್ಲಿ ಕೂತಿದೆ. ಕೈ ಹೋದ್ರೂ ಅದು ಹೋಗಲ್ಲ."

ಅಲ್ಲಿಯವರೆಗೆ ನನ್ನ ಹತ್ತಿರ ಒಂದು ದಾರಿ ಉಳಿದಿತ್ತು. ತೀರಾ ತಡೆಯಲಾಗದಿದ್ದರೆ ಕೈ ಕೊಟ್ಟುಬಿಡೋಣ ಎಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡಿದ್ದೆ. ಅದೂ ಮುಚ್ಚಿತು. ಆಸ್ಪತ್ರೆಯ ಹೊರಗೆ ಎಳನೀರು ಗಾಡಿಯ ಪಕ್ಕ ನಿಂತು ಅತ್ತೆ. ಎಳನೀರಿನವನು ಏನೂ ಕೇಳದೆ ಒಂದು ಕಾಯಿ ಕೆತ್ತಿ ಕೈಗಿಟ್ಟ. ಯಾರೋ ತೀರಿಕೊಂಡರೆಂದು ತಿಳಿದಿರಬೇಕು.

ಆ ಡಾಕ್ಟರೇ ಕೆಲವು ತಿಂಗಳ ಮೇಲೆ ಫೋನ್ ಮಾಡಿಸಿದರು. ಕೊರೊನಾ ಕಳೆದ ಮೇಲಿನ ವರ್ಷ ಅದು. ಏರ್‌ಪೋರ್ಟ್ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನವರು ಸೇರಿ ಹೊಸದೊಂದು ಪ್ರಯೋಗ ಮಾಡುತ್ತಿದ್ದಾರೆ, ಕಣ್ಣಿಗೆ ಕಟ್ಟುವ ಒಂದು ಯಂತ್ರ, ಮಾತ್ರೆ ಇಲ್ಲ, ಸೂಜಿ ಇಲ್ಲ, ಹೋಗಿ ನೋಡಿ ಎಂದು. ವರ್ಚುವಲ್ ರಿಯಾಲಿಟಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗ. ಹರ್ಷಿತಾಗೆ ಗೊತ್ತಿತ್ತು. "ಅಪ್ಪಾ, ಅದು ಗೇಮ್ ಆಡೋದು, ಮಾಲ್‌ನಲ್ಲಿ ಇರುತ್ತೆ" ಎಂದಳು. ಅವ್ವನಿಗೆ ಅದು ಅರ್ಥವಾದದ್ದು ಕನ್ನಡಕವೆಂದು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕನ್ನಡಕ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಓಣಿ. ಗೋಡೆಗೆ ಒತ್ತಿ ಉಕ್ಕಿನ ಕುರ್ಚಿಗಳು, ತಣ್ಣಗೆ ಕೊರೆಯುತ್ತಿದ್ದವು. ಮೊದಲ ದಿನ ಅಲ್ಲಿ ನನ್ನ ಪಕ್ಕ ಬಿಳಿ ಗಡ್ಡದ ಒಬ್ಬರು ಕೂತಿದ್ದರು. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ. ಮಡಚಿದ ಪ್ಯಾಂಟಿಗೆ ಪಿನ್ನು. ಪಟ್ಟಿ ಕಟ್ಟಿ ಕತ್ತಿಗೆ ತೂಗುಹಾಕಿದ್ದ ನನ್ನ ಕೈ ನೋಡಿದರು, ನಾನು ಅವರ ಪಿನ್ನು ನೋಡಿದೆ.

"ನಿಮ್ದು ಐತೆ, ಆದ್ರೆ ಇಲ್ಲ. ನಂದು ಇಲ್ಲ, ಆದ್ರೆ ಐತೆ," ಎಂದರು. "ಇಲ್ದಿರೋ ಹೆಬ್ಬೆಟ್ಟು ಕೆರಿತದೆ ಸ್ವಾಮಿ. ಎಲ್ಲಿ ಅಂತ ಕೆರ್ಕೊಳ್ಲಿ? ಕೆರೆತ ಆದ್ರೂ ಸೈ, ಒಂದೊಂದ್ಸಲ ಯಾರೋ ಪಾದಾನ ತಿರುಚಿ ತಿರುಚಿ ಕೀಳ್ದಂಗೆ."

ಅವರ ಹೆಸರು ಬಷೀರ್ ಸಾಬ್. ನಮ್ಮ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟಿದ್ದವರು. ಸಕ್ಕರೆ ಕಾಯಿಲೆಗೆ ಕಾಲು ಹೋಗಿತ್ತು. ನೋವಿನ ಬಗ್ಗೆ ವಿವರಿಸಬೇಕಾಗಿಲ್ಲದ ಮನುಷ್ಯನೊಬ್ಬ ಪಕ್ಕದಲ್ಲಿ ಕೂತದ್ದು ನನಗೆ ಅದೇ ಮೊದಲು. ಅವತ್ತು ಬಂದದ್ದು ಸಾರ್ಥಕವಾಯಿತು ಎನಿಸಿದ್ದು ಅಲ್ಲೇ, ಒಳಗೆ ಹೋಗುವುದಕ್ಕೆ ಮುಂಚೆಯೇ.

ಒಳಗೆ ದಿವ್ಯಾ ಮೇಡಂ ಇದ್ದರು. ಫಿಸಿಯೋಥೆರಪಿ ಓದಿದವರು, ಚಿಕ್ಕ ವಯಸ್ಸು, ಮಾತಿಗೆ ಮುಂಚೆ ಕೈ ಉಜ್ಜಿಕೊಳ್ಳುವ ಅಭ್ಯಾಸ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಕೇಳಿದರು. ಒಂಬತ್ತು ಎಂದೆ. ಬಲಗೈಗೆ ತಂತಿಗಳಿದ್ದ ಕೈಗವಸಿನಂಥದ್ದು ತೊಡಿಸಿದರು. ಎಡಗೈಯನ್ನು ತೊಡೆಯ ಮೇಲೆ ದಿಂಬಿಟ್ಟು ಮಲಗಿಸಿದರು. ಕನ್ನಡಕ ಕಟ್ಟಿದರು. ಕತ್ತಲಾಯಿತು.

ಬೆಳಕಾದಾಗ ನಾನು ಬೇರೆ ಎಲ್ಲೋ ಇದ್ದೆ. ಮರದ ಮೇಜು, ಕಿಟಕಿ, ಕಿಟಕಿಯಾಚೆ ಹಿಮದ ಬೆಟ್ಟ. ಮೇಜಿನ ಮೇಲೆ ಕೆಂಪು ಬಣ್ಣದ ಚಹಾ ಕಪ್ಪುಗಳು. ಬಗ್ಗಿ ನೋಡಿದೆ. ಎರಡು ಕೈಗಳಿದ್ದವು.

"ಬಲಗೈ ಮುಷ್ಟಿ ಮಾಡಿ ಮುನಿರಾಜು. ಈಗ ನಿಧಾನಕ್ಕೆ ಬಿಚ್ಚಿ. ಬಲಗೈ ಮಾಡಿದ್ದನ್ನೇ ಎಡಗೈಯೂ ಮಾಡಿದ ಹಾಗೆ ಯಂತ್ರ ತೋರಿಸುತ್ತೆ. ಎಡಗೈ ನೋಡ್ತಾ ಇರಿ, ಬಲಗೈ ಮರ್ತುಬಿಡಿ."

ಬಲಗೈ ಬಿಚ್ಚಿದೆ. ಎಡಗೈ ಬಿಚ್ಚಿತು. ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು. ಅಂಗೈ ಕಂಡಿತು. ಅದೇ ಕ್ಷಣ, ಒಳಗೆ ವರ್ಷಗಳಿಂದ ಬಿಗಿದಿದ್ದ ಆ ಇನ್ನೊಂದು ಮುಷ್ಟಿ, ಯಾರಿಗೂ ಕಾಣದಿದ್ದ ಮುಷ್ಟಿ, ಸಡಿಲವಾಯಿತು. ಉಗುರುಗಳು ಮಾಂಸದಿಂದ ಎದ್ದು ಬಂದವು. ಬಿಸಿಲಲ್ಲಿ ಮೂಟೆ ಹೊತ್ತವನು ಇಳಿಸಿದಾಗ ಬರುವಂಥ ಶಬ್ದವೊಂದು ನನ್ನ ಬಾಯಿಂದ ಬಂತಂತೆ. ಕನ್ನಡಕದೊಳಗೆ ನೀರು ತುಂಬಿಕೊಂಡು ಕಪ್ಪುಗಳು ಕಾಣದಾದವು. ದಿವ್ಯಾ ಮೇಡಂ ಯಂತ್ರ ನಿಲ್ಲಿಸಿ, ಗಾಜು ಒರೆಸಿ, ಮತ್ತೆ ಕಟ್ಟಿದರು.

"ಈಗ ಎಷ್ಟು?"

"ಗೊತ್ತಾಗ್ತಿಲ್ಲ ಮೇಡಂ. ಮೂರು ಅನ್ಲಾ? ಮೂರು ಹೆಂಗಿರ್ತದೆ ಅಂತ ಮರ್ತೋಗಿದೆ."

ಕನ್ನಡಕ ತೆಗೆದಾಗ ಅದೇ ಕೋಣೆ, ಅದೇ ಟ್ಯೂಬ್‌ಲೈಟು, ದಿಂಬಿನ ಮೇಲೆ ಅದೇ ಟವೆಲ್ಲಿನಂಥ ಕೈ. ಬಸ್ಸು ಸಾದಹಳ್ಳಿ ಟೋಲ್ ದಾಟುವವರೆಗೆ ಮುಷ್ಟಿ ಸಡಿಲವಿತ್ತು. ಆಮೇಲೆ ಒಂದೊಂದೇ ಬೆರಳು ವಾಪಸ್ ಬಂತು.

ಆದರೂ ಅದು ಒಳ್ಳೆಯ ಕಾಲ. ವಾರಕ್ಕೆರಡು ಸಲ ಹೋಗುತ್ತಿದ್ದೆ. ಸಡಿಲ ಇರುವ ಹೊತ್ತು ಹೆಚ್ಚುತ್ತ ಬಂತು. ಟೋಲ್‌ವರೆಗಿದ್ದದ್ದು ದೇವನಹಳ್ಳಿ ಬಸ್‌ಸ್ಟ್ಯಾಂಡಿನವರೆಗೆ, ಆಮೇಲೆ ಮನೆಯವರೆಗೆ ಬಂತು. ಕನ್ನಡಕದೊಳಗಿನ ಕೈ ಬೆಳ್ಳಗೆ ಯಾವುದೋ ದೊರೆಯ ಕೈಯಂತಿತ್ತು; ನಾನು ತಮಾಷೆಗೆ ಹೇಳಿದ್ದಕ್ಕೆ ದಿವ್ಯಾ ಮೇಡಂ ಕಾಲೇಜಿನವರಿಗೆ ಹೇಳಿ ಬಣ್ಣ ಬದಲಾಯಿಸಿದರು. ಮುಂದಿನ ಸಲ ಬಗ್ಗಿ ನೋಡಿದರೆ ನನ್ನದೇ ಕಪ್ಪು, ನನ್ನದೇ ದಪ್ಪ ಗೆಣ್ಣು. ಒಂದು ಮಧ್ಯಾಹ್ನ ಮನೆಯ ಜಗಲಿ ಮೇಲೆ, ಮಾತ್ರೆಯಿಲ್ಲದೆ, ನಿದ್ದೆ ಹೋಗಿಬಿಟ್ಟೆ. ಅವ್ವ ಕೋಳಿ ಓಡಿಸುತ್ತ, ಬೀದಿಯ ಮಕ್ಕಳನ್ನು ಗದರುತ್ತ ನಾನೆದ್ದು ಕೂರುವವರೆಗೆ ಕಾವಲು ನಿಂತಿದ್ದಳಂತೆ. ಅವತ್ತೇ ಪಾಯಸ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. "ನನ್ ಮಗ ವಾಸಿ ಆಗ್ತಾವ್ನೆ" ಎಂದು ಬೇಡವೆಂದರೂ ಸಾರಿದಳು.

ಮಂಜುಳಾ ಮಾತ್ರ ಪಾಯಸ ಕುಡಿದು ಲೋಟ ತೊಳೆಯಲು ಎದ್ದುಹೋದಳು. ಅದಕ್ಕೂ ಮುಂಚೆ ಒಂದು ದಿನ ರಜೆ ಹಾಕಿ ನನ್ನ ಜೊತೆ ಆಸ್ಪತ್ರೆಗೆ ಬಂದಿದ್ದಳು. ನಾನು ಕನ್ನಡಕದೊಳಗೆ ಇದ್ದಾಗ ಮೇಡಂ ಅವಳನ್ನು ಒಳಗೆ ಬಿಟ್ಟಿದ್ದರು. ವಾಪಸ್ ಬರುವ ಬಸ್ಸಿನಲ್ಲಿ ಅವಳು ಮುಖ ಕಿಟಕಿಗೆ ತಿರುಗಿಸಿ ಕೂತಿದ್ದಳು.

"ಏನಾಯ್ತೇ?"

"ಏನಿಲ್ಲ. ನೀನು ನಗ್ತಿದ್ದೆ. ಎಷ್ಟು ವರ್ಷ ಆಗಿತ್ತು ಹಂಗೆ ನಕ್ಕು. ಒಂದು ಕೈನ ಗಾಳಿಲಿ ಆಡಿಸ್ತಾ, ಎರಡು ಕೈಲಿ ಏನೋ ಎತ್ತಿದಂಗೆ. ಈ ಕೈ ದಿಂಬಿನ ಮೇಲೆ ಹಂಗೇ ಬಿದ್ದಿತ್ತು ಮುನಿ. ನಾನೊಬ್ಳೇ ಅದನ್ನ ನೋಡ್ತಾ ಇದ್ದೆ."

ನನಗೆ ಸಿಟ್ಟು ಬಂತು. ನನಗೆ ಸಿಕ್ಕ ಒಂದೇ ಒಂದು ಸುಖವನ್ನು ಇವಳು ಹೊರಗಿಂದ ನೋಡಿಬಿಟ್ಟಳಲ್ಲ ಎಂದು. ಆಮೇಲೆ ಯೋಚಿಸಿದರೆ, ಅವಳಿಗೆ ಯಾವ ಕನ್ನಡಕವೂ ಇರಲಿಲ್ಲ.

ಆ ಕನ್ನಡಕ ಕೈಕೊಟ್ಟ ದಿನ ವಿಶೇಷವೇನೂ ನಡೆಯಲಿಲ್ಲ. ಎಂದಿನಂತೆ ಕತ್ತಲು, ಎಂದಿನಂತೆ ಬೆಳಕು, ಮೇಜು, ಹಿಮ. ಬಲಗೈ ಬಿಚ್ಚಿದೆ. ಎಡಗೈ ಬಿಚ್ಚಿತು. ಒಳಗಿನ ಮುಷ್ಟಿ ಬಿಗಿದೇ ಇತ್ತು. ಮತ್ತೆ ಬಿಚ್ಚಿದೆ. ಕಣ್ಣೆದುರು ಅಂಗೈ ಅಗಲವಾಗಿ ತೆರೆದುಕೊಂಡಿದೆ, ಉಗುರುಗಳು ಮಾಂಸದಲ್ಲಿ ಕಚ್ಚಿಕೊಂಡೇ ಇವೆ. ನನ್ನ ಬಣ್ಣದ, ನನ್ನ ಗೆಣ್ಣಿನ ಆ ಕೈಯನ್ನು ನೋಡುತ್ತಾ ಕೂತೆ. ಅದು ನನ್ನದಲ್ಲ ಎಂದು ತಿಳಿದುಬಿಟ್ಟಿತು. ಚಿತ್ರ. ಯಾರೋ ಬರೆದದ್ದು.

"ಇವತ್ತು ಏನೋ ಸರಿಯಿಲ್ಲ ಮೇಡಂ."

"ಕೆಲವು ದಿನ ಹಾಗಾಗುತ್ತೆ. ನಿದ್ದೆ ಕಮ್ಮಿ ಆಗಿರಬಹುದು."

ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ. ದಿವ್ಯಾ ಮೇಡಂ ಮೇಜು ತೆಗೆದು ತೋಟ ತಂದರು, ಕಪ್ಪುಗಳನ್ನು ತೆಗೆದು ಸೇಬು ತಂದರು, ಚೆಂಡು ತಂದರು. ಕಾಲೇಜಿನವರಿಗೆ ಹೇಳಿ ಒಂದು ಕಾರಿನ ಗೇರನ್ನೂ ಮಾಡಿಸಿದರು. ಆ ದಿನ ನನಗೆ ಬಹಳ ಆಸೆಯಿತ್ತು. ಚಿತ್ರದ ಕೈ ಚಿತ್ರದ ಗೇರನ್ನು ಹಿಡಿದು ಹಿಂದೆ ಮುಂದೆ ಮಾಡಿತು. ನಾನು ಕಾರಿನ ಹೊರಗೆ ನಿಂತು ಬೇರೆ ಯಾರೋ ಓಡಿಸುವುದನ್ನು ನೋಡಿದಂತಿತ್ತು. ಆ ದಿನ ಸೆಳೆತ ಬಂದಾಗ ಕನ್ನಡಕ ಕಿತ್ತು ನೆಲಕ್ಕೆ ಹಾಕಿದೆ. ಪುಣ್ಯಕ್ಕೆ ಒಡೆಯಲಿಲ್ಲ. ಮೇಡಂ ಅದನ್ನೆತ್ತಿ ಒರೆಸುತ್ತಾ, "ಪರವಾಗಿಲ್ಲ, ಪರವಾಗಿಲ್ಲ" ಎಂದು ನನಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು.

ಆಗೆಲ್ಲ ನನ್ನ ಜೊತೆಗಿದ್ದವರು ಬಷೀರ್ ಸಾಬ್. ನಾನು ಹೊರಗೆ ಬಂದ ಕೂಡಲೇ ಮುಖ ನೋಡಿ, ಫ್ಲಾಸ್ಕಿನ ಚಹಾ ಮುಚ್ಚಳಕ್ಕೆ ಬಗ್ಗಿಸಿ ಕೊಡುತ್ತಿದ್ದರು.

"ನಿಮಗೆ ಹೆಂಗಿದೆ ಸಾಬ್ರೆ?"

"ಏನ್ ಹೇಳೋದು ಮುನಿರಾಜು. ಹಂಗೇ ಐತೆ. ಒಳಗೆ ಫುಟ್ಬಾಲ್ ಒದಿತೀನಿ, ಹೊರಗೆ ಬಂದ್ರೆ ಶುರು."

ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಎಂಬುದೇ ಸಮಾಧಾನವಾಗಿತ್ತು. ಬೇರೆಯವರ ನೋವಿನಿಂದ ಸಮಾಧಾನ ಪಡೆಯುವುದು ಎಂಥ ಬುದ್ಧಿ ಎಂದು ನೀವು ಕೇಳಬಹುದು. ನೋವಿದ್ದವರು ಕೇಳುವುದಿಲ್ಲ.

ಒಂದು ದಿನ ಸಾಬರ ಸೊಸೆ ಆಸ್ಪತ್ರೆಯ ಔಷಧಿ ಅಂಗಡಿಯ ಮುಂದೆ ಸಿಕ್ಕಳು. ಅವಳೇ ಪ್ರತಿಸಲ ಅವರನ್ನು ಆಟೋದಲ್ಲಿ ಕರೆತರುತ್ತಿದ್ದವಳು. ನಾನು ಮಾತಿಗೆ ಹೇಳಿದೆ: "ಸಾಬ್ರಿಗೂ ನೋವು ಇಳೀಲಿಲ್ಲ ನೋಡಮ್ಮ, ನನ್ನಂಗೇ."

ಅವಳು ನನ್ನ ಮುಖ ನೋಡಿದಳು. "ಮಾವಂಗಾ? ಇಲ್ಲ ಅಣ್ಣಾ, ಅವರಿಗೆ ಹೋಗಿ ಬಹಳ ದಿನ ಆಯ್ತು. ಇಲ್ಲಿ ಟ್ರೀಟ್‌ಮೆಂಟೂ ಮುಗ್ದೋಯ್ತು. ಈಗ ಸುಮ್ನೆ ಬರ್ತಾರೆ." ಆಮೇಲೆ ನಾಲಿಗೆ ಕಚ್ಚಿಕೊಂಡಳು. ಬಾಯಿಬಿಡಬಾರದೆಂದು ಅವಳಿಗೆ ಹೇಳಿದ್ದರೆಂದು ಕಾಣುತ್ತದೆ.

ನನಗೆ ಮೊದಲು ಬಂದದ್ದು ಸಂತೋಷವಲ್ಲ. ಮೋಸ ಹೋದೆ ಎನಿಸಿತು. ಅದೇ ಕನ್ನಡಕ, ಅದೇ ಕೋಣೆ, ಅದೇ ಮೇಡಂ. ಇಲ್ಲದ ಕಾಲಿನ ನೋವು ಹೋಯಿತು, ಇರುವ ಕೈಯ ನೋವು ಹೋಗಲಿಲ್ಲ. ಯಾಕೆ? ಆ ಸಲ ಓಣಿಗೆ ಹೋಗದೆ ಹಾಗೇ ಬಸ್ಸು ಹತ್ತಿದೆ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಹರ್ಷಿತಾ ಹತ್ತಿರ ಬಂದು ನಿಂತವಳು ಹಾಗೇ ತಿರುಗಿ ಹೋದಳು.

ಮುಂದಿನ ವಾರ ಹೋದಾಗ ಸಾಬರು ಅದೇ ಕುರ್ಚಿಯಲ್ಲಿದ್ದರು. ನಾನು ಕೂರಲಿಲ್ಲ.

"ಯಾಕ್ ಸುಳ್ಳು ಹೇಳಿದ್ರಿ ಸಾಬ್ರೆ?"

ಅವರು ತಲೆ ಎತ್ತಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತರು. "ನೋವು ಹೋದ ದಿನ ಹೇಳೋಣ ಅಂತಾನೇ ಬಂದೆ ಕಣಪ್ಪ. ಸ್ವೀಟ್ ಡಬ್ಬಿ ತಂದಿದ್ದೆ. ನೀನು ಒಳಗಿಂದ ಬಂದೆ. ನಿನ್ ಮುಖ ನೋಡ್ದೆ. ಅವತ್ತೇ ನಿಂದು ಕೆಟ್ಟಿದ್ದು. ಡಬ್ಬಿನ ಕುರ್ಚಿ ಕೆಳಗೆ ಇಟ್ಬಿಟ್ಟೆ. ಅದಾದ್ಮೇಲೆ ಹೆಂಗ್ ಹೇಳ್ಲಿ?"

"ಹೇಳಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು ಅಂದ್ರೆ... ಈ ಕುರ್ಚಿ ಖಾಲಿ ಆಗ್ತಿತ್ತು."

ನಾನು ಕೂತೆ. ಒಂದೇ ಕಾಲಿನಲ್ಲಿ, ಘಟಕದ ಕೆಲಸ ಬಿಟ್ಟು, ನೋವಿಲ್ಲದ ಮನುಷ್ಯ ಆ ತಣ್ಣನೆಯ ಕುರ್ಚಿಯಲ್ಲಿ ವಾರವಾರವೂ ನೋವಿರುವವನಂತೆ ಮುಖ ಮಾಡಿಕೊಂಡು ಕೂತಿದ್ದ. ಊರಿನವರಿಂದ ಹಿಡಿದು ಡಾಕ್ಟರವರೆಗೆ ಯಾರೂ ನನಗೆ ಮಾಡದಿದ್ದದ್ದು ಅದು. ನೋವು ಮಾತ್ರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅದನ್ನೂ ಹೇಳಬೇಕು. ಪ್ರೀತಿಯಿಂದ ನೋವು ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆಮೇಲೆ ಸ್ವಲ್ಪ ದಿನಕ್ಕೆ ನನ್ನ ಸರದಿಯೂ ಮುಗಿಯಿತು. ಕೊನೆಯ ಸಲ ಕನ್ನಡಕ ತೆಗೆದಾಗ ದಿವ್ಯಾ ಮೇಡಂ ಎಂದಿನ ಪ್ರಶ್ನೆ ಕೇಳಿದರು. ಅವರ ಮುಖ ನೋಡಿ ನನಗೆ ಒಂಬತ್ತು ಎನ್ನಲು ಬಾಯಿ ಬರಲಿಲ್ಲ.

"ಆರು ಮೇಡಂ. ಸುಮಾರು ಇಳಿದಿದೆ."

ಅವರು ಪೆನ್ನು ಹಿಡಿದವರು ಬರೆಯಲಿಲ್ಲ. "ಮುನಿರಾಜು, ನನಗೋಸ್ಕರ ಹೇಳ್ಬೇಡಿ."

"ಒಂಬತ್ತು."

ಬರೆದುಕೊಂಡರು. ಬರೆಯುವಾಗ ಕಣ್ಣು ತುಂಬಿತ್ತು. ಕೆಲವರಿಗೆ ಯಾಕೆ ಹೀಗಾಗುತ್ತದೆಂದು ನಮಗಿನ್ನೂ ಗೊತ್ತಿಲ್ಲ ಎಂದರು. ನನಗೆ ಅಷ್ಟೂ ವರ್ಷಗಳಲ್ಲಿ ಆಸ್ಪತ್ರೆಯವರೊಬ್ಬರು ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಈಗ ನಾನು ಏರ್‌ಪೋರ್ಟಿನ ಟ್ಯಾಕ್ಸಿ ನಿಲ್ದಾಣದಲ್ಲಿ ಬೇರೆ ಡ್ರೈವರುಗಳಿಗೆ ಗಾಡಿ ಹಂಚುವ ಕೆಲಸ ಮಾಡುತ್ತೇನೆ. ಬಲಗೈ ಸಾಕು. ನನ್ನ ಕಾರನ್ನು ಊರಿನವರೇ ಒಬ್ಬರು ಓಡಿಸುತ್ತಾರೆ; ಅದು ಮುಂದೆ ಹಾದು ಹೋದಾಗ ನಾನು ಬೇರೆ ಕಡೆ ನೋಡುತ್ತೇನೆ. ನೋವು ಹಾಗೇ ಇದೆ. ಇನ್ನು ಹೋಗುತ್ತದೆ ಎಂಬ ನಿರೀಕ್ಷೆ ನನಗಿಲ್ಲ. ಅವ್ವ ತೀರಿಕೊಳ್ಳುವ ಮುಂಚೆ, "ಆ ಕನ್ನಡಕ ಇನ್ನೊಂದ್ಸಲ ಹಾಕ್ಸಿ ನೋಡು ಮಗಾ" ಎಂದಿದ್ದಳು. ಹೂಂ ಎಂದಿದ್ದೆ. ಮಂಜುಳಾ ಈಗೀಗ ನೋವು ಹೆಂಗಿದೆ ಎಂದು ಕೇಳುವುದಿಲ್ಲ. ಸೆಳೆತ ಬಂದಾಗ ನನ್ನ ಮಾತು ನಿಂತರೆ ಅವಳೂ ನಿಲ್ಲುತ್ತಾಳೆ, ಅದು ಹೋದ ಮೇಲೆ ಮಾತು ಬಿಟ್ಟಲ್ಲಿಂದ ಹಿಡಿಯುತ್ತಾಳೆ. ಮದುವೆ ಮನೆಯಲ್ಲಿ, ಹತ್ತು ಜನರ ನಡುವೆ ಇದ್ದರೂ ಹಾಗೇ.

ಹೋದ ಬೇಸಿಗೆಯಲ್ಲಿ ಪಕ್ಕದೂರಿನ ಆನಂದ ಎನ್ನುವವನು ಮನೆಗೆ ಬಂದ. ಅವನ ಹೆಂಡತಿ ರೂಪಾಳ ಬಲಗೈ ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಮೊಣಕೈ ಕೆಳಗೆ ಹೋಗಿತ್ತು. ಹೋದ ಕೈ ಉರಿಯುತ್ತದೆಂದು ಅವಳು ಅಳುತ್ತಾಳೆ, ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. "ಅಣ್ಣಾ, ಅದೇನೋ ಕನ್ನಡಕ ಹಾಕಿದ್ರೆ ವಾಸಿ ಆಗ್ತದಂತಲ್ಲ, ನಿಜಾನಾ?"

ಏನು ಹೇಳಬೇಕು? ನನಗೆ ಆದದ್ದನ್ನು ಪೂರ್ತಿ ಹೇಳಿದೆ. ಮೊದಲ ದಿನದ್ದನ್ನೂ ಹೇಳಿದೆ, ಕೊನೆಯ ದಿನದ್ದನ್ನೂ ಹೇಳಿದೆ. ಬಷೀರ್ ಸಾಬರಿಗೆ ವಾಸಿಯಾದದ್ದನ್ನೂ ಹೇಳಿದೆ. ಆನಂದ ಯೋಚನೆಗೆ ಬಿದ್ದ. ಒಳಗಿಂದ ಮಂಜುಳಾ, "ನೀನೂ ಜೊತೆಗೆ ಹೋಗಿ ಬಾ" ಎಂದಳು.

ಮೂವರೂ ಹೋದೆವು. ಓಣಿಯ ಕುರ್ಚಿಗಳು ಹಾಗೇ ತಣ್ಣಗಿದ್ದವು. ದಿವ್ಯಾ ಮೇಡಂ ಬೇರೆ ಊರಿಗೆ ಹೋಗಿದ್ದರು, ಬೇರೊಬ್ಬರಿದ್ದರು. ರೂಪಾ ಒಳಗೆ ಹೋದಳು. ಆನಂದ ಕೂರಲಾರದೆ ಓಡಾಡಿದ. ನಾನು ಕೂತೇ ಇದ್ದೆ. ಬಾಗಿಲು ತೆರೆದಾಗ ಅವಳ ಮುಖ ನೋಡಿ ನನಗೆ ತಿಳಿಯಿತು, ಕೇಳಬೇಕಾಗಲಿಲ್ಲ.

"ಉರಿ ಇಲ್ಲ," ಎಂದಳು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿ, ಹೆದರಿದವಳ ಹಾಗೆ ಮೆಲ್ಲಗೆ, "ಎಷ್ಟು ದಿನ ಇರ್ತದಣ್ಣಾ ಇದು?"

"ನಂಗೊತ್ತಿಲ್ಲಮ್ಮ."

ಬಸ್ಸಿನಲ್ಲಿ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತರು. ಟೋಲ್ ಬರುವ ಮುಂಚೆಯೇ ರೂಪಾ ಗಂಡನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಯಿ ಅರ್ಧ ತೆರೆದಿತ್ತು. ಆನಂದ ಅಲುಗಾಡದೆ, ಉಸಿರು ಹಿಡಿದವನಂತೆ ಕೂತಿದ್ದ. ನನ್ನ ಎಡಗೈಯೊಳಗಿನ ಮುಷ್ಟಿ ಬಿಗಿಯುತ್ತಾ ಬಂತು, ಸೆಳೆತವೂ ಬರುತ್ತದೆಂದು ಗೊತ್ತಾಯಿತು. ಕಂಡಕ್ಟರು ಹಿಂದಿನಿಂದ "ಟಿಕೆಟ್, ಟಿಕೆಟ್" ಎಂದು ಕೂಗುತ್ತಾ ಬಂದರು. ನಾನು ಬಲಗೈ ಎತ್ತಿ ತುಟಿಯ ಮೇಲೆ ಬೆರಳಿಟ್ಟು, ಮುಂದಿನ ಸೀಟು ತೋರಿಸಿದೆ. ಅವರು ನೋಡಿದರು. ಕೂಗುವುದು ನಿಲ್ಲಿಸಿ, ಅವಳನ್ನು ದಾಟಿ ಮೆಲ್ಲಗೆ ಮುಂದೆ ಹೋದರು.